ತುಂಬಿದ ಬ್ಯಾಟರಿ, ರಾಯಚೂರಿನ ಬಿಸಿಲು

2012ರ ಬೇಸಿಗೆಯಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್ ನಗರದಲ್ಲಿ ನಿಸಾನ್ ಲೀಫ್ ಎಂಬ ಎಲೆಕ್ಟ್ರಿಕ್ ಕಾರಿನ ಮಾಲೀಕರಿಗೆ ಒಂದು ತಲೆನೋವು ಶುರುವಾಯಿತು. ಆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿಯ ಸಾಮರ್ಥ್ಯ ತೋರಿಸುವ ಹನ್ನೆರಡು ಗೆರೆಗಳಿದ್ದವು. ಕೊಂಡು ಎರಡು ವರ್ಷವೂ ತುಂಬದ ಕಾರುಗಳಲ್ಲಿ ಆ ಗೆರೆಗಳು ಒಂದೊಂದಾಗಿ ಮಾಯವಾಗತೊಡಗಿದವು. ಮೊದಲ ಗೆರೆ ಹೋಯಿತೆಂದರೆ ಬ್ಯಾಟರಿ ತನ್ನ ಮೂಲ ಸಾಮರ್ಥ್ಯದಲ್ಲಿ ಸುಮಾರು ಶೇ. 15ರಷ್ಟನ್ನು ಕಳೆದುಕೊಂಡಿದೆ ಎಂದರ್ಥ. ಫಾಸ್ಟ್ ಚಾರ್ಜರ್ ಮೇಲೆ ಎಲ್ಲರಿಗೂ ಮೊದಲು ಅನುಮಾನ ಬರುವುದು ಸಹಜ. ಅರ್ಧ ಗಂಟೆಯಲ್ಲಿ ಅಷ್ಟೊಂದು ವಿದ್ಯುತ್ತನ್ನು ನುಗ್ಗಿಸಿದರೆ ಯಾವ ಬ್ಯಾಟರಿ ತಾನೇ ತಾಳೀತು? ಐಡಹೊ ರಾಷ್ಟ್ರೀಯ ಪ್ರಯೋಗಾಲಯದವರು ಈ ಅನುಮಾನವನ್ನು ನೇರವಾಗಿಯೇ ಪರೀಕ್ಷೆಗೆ ಒಡ್ಡಿದರು. ನಾಲ್ಕು ಲೀಫ್ ಕಾರುಗಳನ್ನು ಅದೇ ಫೀನಿಕ್ಸಿನ ಬೀದಿಗಳಲ್ಲಿ, ಒಂದೇ ಮಾರ್ಗದಲ್ಲಿ ಓಡಿಸಿದರು. ಎರಡಕ್ಕೆ ನಿಧಾನದ ಎಸಿ ಚಾರ್ಜಿಂಗ್ ಮಾತ್ರ, ಇನ್ನೆರಡಕ್ಕೆ ಡಿಸಿ ಫಾಸ್ಟ್ ಚಾರ್ಜಿಂಗ್ ಮಾತ್ರ. ಸುಮಾರು 80,000 ಕಿಲೋಮೀಟರ್ ಓಡಿದ ಮೇಲೆ ಅಳೆದು ನೋಡಿದರೆ ನಾಲ್ಕೂ ಕಾರುಗಳು ಹತ್ತಿರ ಹತ್ತಿರ ಕಾಲು ಭಾಗದಷ್ಟು ಸಾಮರ್ಥ್ಯ ಕಳೆದುಕೊಂಡಿದ್ದವು. ವೇಗವಾಗಿ ಚಾರ್ಜ್ ಆದವು ಸ್ವಲ್ಪ ಹೆಚ್ಚು ಸೊರಗಿದ್ದು ನಿಜ. ಆದರೆ ಎರಡು ಗುಂಪುಗಳ ನಡುವಿನ ಅಂತರ ಕೆಲವೇ ಶೇಕಡಾ ಅಂಶಗಳಷ್ಟಿತ್ತು. ದೊಡ್ಡ ನಷ್ಟ ಎರಡೂ ಗುಂಪಿಗೆ ಸಮಾನವಾಗಿತ್ತು, ಅದರ ಮುಖ್ಯ ಮೂಲವಾದ ಫೀನಿಕ್ಸಿನ ಬಿಸಿಲೂ ಸಮಾನವಾಗಿತ್ತು.

ಈ ಅಧ್ಯಾಯದ ವಾದ ಇಷ್ಟೇ: ಲಿಥಿಯಂ ಬ್ಯಾಟರಿಯ ವಿಷಯದಲ್ಲಿ ನಾವು ತಪ್ಪು ಅಂಕಿಗೆ ಹೆದರುತ್ತಿದ್ದೇವೆ. ಚಾರ್ಜರಿನ ಮೇಲೆ ಬರೆದ ಕಿಲೋವ್ಯಾಟ್ ನೋಡಿ ಬೆಚ್ಚುತ್ತೇವೆ, ಚಾರ್ಜ್ ಮುಗಿದ ಮೇಲೆ ಬ್ಯಾಟರಿ ಎಷ್ಟು ತುಂಬಿಕೊಂಡು, ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ನಿಂತಿತ್ತು ಎಂಬುದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ನಾಡಿನಲ್ಲಿ ಬಹುಪಾಲು ಬ್ಯಾಟರಿಗಳ ಆಯುಸ್ಸನ್ನು ತಿನ್ನುವುದು ಈ ಎರಡನೆಯದು. ಅರಿಜೋನಾದ ಕಥೆ ನಮಗೇಕೆ ಎಂದು ಕೇಳುವವರಿಗೆ ಒಂದು ಮಾತು: ಮೊದಲ ತಲೆಮಾರಿನ ಲೀಫ್ ಕಾರಿನ ಬ್ಯಾಟರಿಗೆ ತಂಪು ಮಾಡುವ ದ್ರವದ ವ್ಯವಸ್ಥೆ ಇರಲಿಲ್ಲ, ಫ್ಯಾನೂ ಇರಲಿಲ್ಲ. ಮುಚ್ಚಿದ ಪೆಟ್ಟಿಗೆಯೊಳಗೆ ಅದು ಊರಿನ ಹವೆಯನ್ನೇ ನಂಬಿ ಬದುಕಬೇಕಿತ್ತು. ಇವತ್ತು ರಾಯಚೂರು, ಕಲಬುರಗಿ, ಬಳ್ಳಾರಿಗಳಲ್ಲಿ ಓಡುವ ಎಲೆಕ್ಟ್ರಿಕ್ ಸ್ಕೂಟರುಗಳಲ್ಲಿ ಹೆಚ್ಚಿನವುಗಳ ಸ್ಥಿತಿಯೂ ಅದೇ. ಬ್ಯಾಟರಿ ಕಾಲಿಡುವ ಹಲಗೆಯ ಕೆಳಗೋ ಸೀಟಿನ ಅಡಿಯೋ ಇರುತ್ತದೆ. ಅದನ್ನು ತಣಿಸಲು ಇರುವುದು ಲೋಹದ ಹೊರಕವಚ ಮತ್ತು ಓಡುವಾಗ ಬೀಸುವ ಗಾಳಿ. ಏಪ್ರಿಲ್-ಮೇ ತಿಂಗಳಲ್ಲಿ ಪಾದರಸ 42 ಡಿಗ್ರಿ ದಾಟಿದ ದಿನ ಡಾಂಬರಿನ ಮೇಲ್ಮೈ 60 ಡಿಗ್ರಿ ಮುಟ್ಟುತ್ತದೆ, ಅದರಿಂದ ಒಂದು ಗೇಣು ಮೇಲೆ ಬ್ಯಾಟರಿ.

ವೇಗದ ಬಗ್ಗೆ ಇರುವ ಭಯ ಪೂರ್ತಿ ಹುಸಿಯೇನಲ್ಲ. ಅದರ ಮೂಲ ಎಲ್ಲಿದೆ ಎಂದು ತಿಳಿಯಲು ಸೆಲ್‌ನ ಒಳಗೆ ಇಣುಕಬೇಕು. ಲಿಥಿಯಂ-ಅಯಾನ್ ಸೆಲ್‌ನಲ್ಲಿ ಎರಡು ಮನೆಗಳಿವೆ. ಒಂದು ಕಡೆ ನಿಕ್ಕೆಲ್-ಮ್ಯಾಂಗನೀಸ್-ಕೋಬಾಲ್ಟ್ ಆಕ್ಸೈಡೋ ಕಬ್ಬಿಣದ ಫಾಸ್ಫೇಟೋ ಇರುವ ಕ್ಯಾಥೋಡ್. ಮೊದಲನೆಯದನ್ನು ಎನ್‌ಎಂಸಿ, ಎರಡನೆಯದನ್ನು ಎಲ್‌ಎಫ್‌ಪಿ ಎಂದು ಮಾರಾಟಗಾರರೂ ಈಗ ಹೇಳುತ್ತಾರೆ. ಇನ್ನೊಂದು ಕಡೆ ಗ್ರಾಫೈಟಿನ ಆನೋಡ್. ಚಾರ್ಜ್ ಮಾಡುವುದೆಂದರೆ ಕ್ಯಾಥೋಡಿನಲ್ಲಿರುವ ಲಿಥಿಯಂ ಅಯಾನುಗಳನ್ನು ಎಬ್ಬಿಸಿ, ನಡುವಿನ ದ್ರವದ ಮೂಲಕ ದಾಟಿಸಿ, ಗ್ರಾಫೈಟಿನ ಪದರಗಳ ಸಂದಿನಲ್ಲಿ ಕೂರಿಸುವುದು. ಆರು ಇಂಗಾಲದ ಪರಮಾಣುಗಳಿಗೆ ಒಂದು ಲಿಥಿಯಂ ಎಂಬುದು ಗ್ರಾಫೈಟಿನ ಮಿತಿ. ಮದುವೆ ಮನೆಯ ಪಂಕ್ತಿಯಲ್ಲೂ ಹೀಗೆಯೇ: ಎಲೆ ಹಾಕಿದ ಕೂಡಲೇ ಜನ ಸರಸರನೆ ಕೂತುಬಿಡುತ್ತಾರೆ, ಮುಕ್ಕಾಲು ತುಂಬಿದ ಮೇಲೆ ಬಂದವರು ಖಾಲಿ ಎಲೆ ಹುಡುಕಿಕೊಂಡು, ಕೂತವರ ನಡುವೆ ದಾರಿ ಮಾಡಿಕೊಂಡು ಹೋಗಬೇಕು, ಆಗಲೂ ಬಾಗಿಲಲ್ಲಿ ಅದೇ ರಭಸದಲ್ಲಿ ಜನರನ್ನು ಬಿಟ್ಟರೆ ಹೊಸ್ತಿಲಲ್ಲೇ ಗುಂಪು ಕಟ್ಟುತ್ತದೆ. ಸೆಲ್‌ನಲ್ಲಿ ಹೀಗೆ ಹೊಸ್ತಿಲಲ್ಲಿ ನಿಂತ ಲಿಥಿಯಂ ಗ್ರಾಫೈಟಿನ ಮೇಲ್ಮೈಯಲ್ಲಿ ಲೋಹವಾಗಿ ಲೇಪಗೊಳ್ಳುತ್ತದೆ. ತುಂಬಿದ ಗ್ರಾಫೈಟಿನ ವಿದ್ಯುತ್ ಮಟ್ಟಕ್ಕೂ ಲಿಥಿಯಂ ಲೋಹದ ಮಟ್ಟಕ್ಕೂ ನಡುವೆ ಇರುವುದು ಸುಮಾರು 0.1 ವೋಲ್ಟ್ ಮಾತ್ರ. ಜೋರಾಗಿ ಕರೆಂಟು ನೂಕಿದರೆ ಈ ತೆಳು ಅಂತರ ಅಳಿಸಿಹೋಗುತ್ತದೆ. ಲೇಪಗೊಂಡ ಲಿಥಿಯಂನಲ್ಲಿ ಒಂದಷ್ಟು ಮತ್ತೆ ಕೆಲಸಕ್ಕೆ ಬರುವುದೇ ಇಲ್ಲ. ಅದು ಸೂಜಿಯಂತೆ ಬೆಳೆದು ನಡುವಿನ ಪರದೆಯನ್ನು ಚುಚ್ಚುವ ಅಪಾಯವೂ ಇದೆ. ಶೇ. 80 ದಾಟಿದ ಮೇಲೆ ಫಾಸ್ಟ್ ಚಾರ್ಜರ್ ತೆವಳುವುದು ಈ ಕಾರಣಕ್ಕೆ. ವಾಹನದೊಳಗಿನ ಬಿಎಂಎಸ್, ಅಂದರೆ ಬ್ಯಾಟರಿ ಕಾಯುವ ಎಲೆಕ್ಟ್ರಾನಿಕ್ ವ್ಯವಸ್ಥೆ, ಸೆಲ್‌ನ ವೋಲ್ಟೇಜು ಮೇಲಿನ ಮಿತಿ ಮುಟ್ಟುತ್ತಿದ್ದಂತೆ ಕರೆಂಟನ್ನು ಇಳಿಸುತ್ತಾ ಬರುತ್ತದೆ. ಎನ್‌ಎಂಸಿಗೆ ಆ ಮಿತಿ ಸಾಮಾನ್ಯವಾಗಿ 4.2 ವೋಲ್ಟ್, ಎಲ್‌ಎಫ್‌ಪಿಗೆ 3.65.

ಈಗ ಈ ಲೇಪ ಯಾವಾಗ ಹೆಚ್ಚು ಎಂದು ಕೇಳಿದರೆ ಉತ್ತರ ಸ್ಪಷ್ಟವಾಗಿದೆ: ಚಳಿಯಲ್ಲಿ. ತಣ್ಣಗಿದ್ದಾಗ ಅಯಾನುಗಳು ಗ್ರಾಫೈಟಿನೊಳಗೆ ಸರಿಯುವುದು ಬಹಳ ನಿಧಾನ. ಸೊನ್ನೆ ಡಿಗ್ರಿಗಿಂತ ಕೆಳಗೆ ಹೆಚ್ಚಿನ ವಾಹನಗಳು ಫಾಸ್ಟ್ ಚಾರ್ಜಿಂಗನ್ನು ತಾವಾಗಿಯೇ ಮೊಟಕುಗೊಳಿಸುತ್ತವೆ ಇಲ್ಲವೇ ಮೊದಲು ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಳ್ಳುತ್ತವೆ. 2024ರ ಜನವರಿಯಲ್ಲಿ ಶಿಕಾಗೋದ ಕೊರೆಯುವ ಚಳಿಯಲ್ಲಿ ಚಾರ್ಜಿಂಗ್ ತಾಣಗಳ ಮುಂದೆ ಕಾರುಗಳು ಸಾಲುಗಟ್ಟಿ ನಿಂತ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದವು. ಅಲ್ಲಿ ನೆಲೆಸಿರುವ ನಮ್ಮವರಿಗೆ ಅದು ನಿಜವಾದ ತೊಂದರೆ. ಆದರೆ ಬ್ಯಾಟರಿಯ ಬಗ್ಗೆ ನಮಗೆ ಸಿಗುವ ಬುದ್ಧಿಮಾತುಗಳಲ್ಲಿ ಬಹುಪಾಲು ನಾರ್ವೆ, ಕೆನಡಾ, ಅಮೆರಿಕದ ಉತ್ತರ ಭಾಗದಂಥ ಶೀತದ ನಾಡುಗಳಲ್ಲಿ ಹುಟ್ಟಿದವು ಎಂಬುದನ್ನು ಮರೆತು, ಅವನ್ನು ಯಾದಗಿರಿಗೆ ಹಾಗೆಯೇ ಅನ್ವಯಿಸಿದರೆ ಕೆಲಸ ಕೆಡುತ್ತದೆ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಚಾವೊ-ಯಾಂಗ್ ವಾಂಗ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ಕಣ್ಣು ತೆರೆಸುತ್ತದೆ. ಅವರು ಸೆಲ್‌ನೊಳಗೇ ತೆಳುವಾದ ನಿಕ್ಕೆಲ್ ಹಾಳೆಯಿಟ್ಟು, ಚಾರ್ಜಿಂಗಿಗೆ ಮುಂಚೆ ಸೆಲ್ಲನ್ನು 60 ಡಿಗ್ರಿಗೆ ಬಿಸಿ ಮಾಡಿ, ಹತ್ತು ನಿಮಿಷದಲ್ಲಿ ಶೇ. 80ರವರೆಗೆ ತುಂಬಿಸಿ, ಮತ್ತೆ ತಣಿಯಲು ಬಿಟ್ಟರು. ಬಿಸಿಯಲ್ಲಿ ಅಯಾನುಗಳು ಸಲೀಸಾಗಿ ಒಳಗೆ ಹೋದದ್ದರಿಂದ ಲೇಪ ಕಟ್ಟಲಿಲ್ಲ. ಹೀಗೆ 2,500 ಬಾರಿ ಚಾರ್ಜ್ ಮಾಡಿದ ಮೇಲೂ ಸೆಲ್ ತನ್ನ ಸಾಮರ್ಥ್ಯದ ಶೇ. 90ಕ್ಕಿಂತ ಹೆಚ್ಚನ್ನು ಉಳಿಸಿಕೊಂಡಿತ್ತು. ಬಿಸಿ ಎಂದರೆ ವೈರಿ ಎಂದೇ ಓದಿಕೊಂಡು ಬಂದವರಿಗೆ ಇದು ಒಗಟಿನಂತೆ ಕಾಣುತ್ತದೆ.

ಒಗಟು ಬಿಡಿಸಲು ಒಂದು ಸಣ್ಣ ಗುಣಾಕಾರ ಸಾಕು. ಹತ್ತು ನಿಮಿಷದಂತೆ 2,500 ಸಲ ಎಂದರೆ 25,000 ನಿಮಿಷ, ಅಂದರೆ ಸುಮಾರು 417 ಗಂಟೆ, ಹದಿನೇಳು ಹದಿನೆಂಟು ದಿನ. ಆ ಸೆಲ್ ತನ್ನ ಇಡೀ ಜೀವಮಾನದಲ್ಲಿ ಕಾದದ್ದು ಅಷ್ಟೇ ಹೊತ್ತು. ಈಗ ಕಚೇರಿಯ ಮುಂದೆ ನೆರಳಿಲ್ಲದ ಕಡೆ ದಿನಕ್ಕೆ ನಾಲ್ಕು ಗಂಟೆ ಸುಡುಬಿಸಿಲಿನಲ್ಲಿ ನಿಲ್ಲುವ ಸ್ಕೂಟರನ್ನು ತೆಗೆದುಕೊಳ್ಳಿ. ಮಾರ್ಚಿನಿಂದ ಮೇವರೆಗಿನ 90 ದಿನಕ್ಕೆ 360 ಗಂಟೆ. ಅದರ ಬ್ಯಾಟರಿ 60 ಡಿಗ್ರಿ ಮುಟ್ಟದೆ 45ರಲ್ಲೇ ಉಳಿದರೂ, ವಾಂಗ್ ಅವರ ಸೆಲ್ 2,500 ಚಾರ್ಜುಗಳಲ್ಲಿ ಬಿಸಿಗೆ ಒಡ್ಡಿಕೊಂಡ ಅವಧಿಯನ್ನು ಈ ಸ್ಕೂಟರು ಎರಡನೆಯ ಬೇಸಿಗೆಯ ಹೊತ್ತಿಗೆ ದಾಟಿರುತ್ತದೆ, ಅದೂ ಬಹುಶಃ ತುಂಬಿದ ಹೊಟ್ಟೆಯಲ್ಲಿ. ಕಾಲದ ಮಾತು ಇಷ್ಟೊಂದು ಮುಖ್ಯವಾಗುವುದೇಕೆ? ಮೊದಲ ಸಲ ಚಾರ್ಜ್ ಆಗುವಾಗಲೇ ಗ್ರಾಫೈಟಿನ ಮೇಲೆ ದ್ರವದೊಂದಿಗಿನ ಪ್ರತಿಕ್ರಿಯೆಯಿಂದ ಒಂದು ತೆಳುಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆ ಇರುವುದರಿಂದಲೇ ಸೆಲ್ ಬದುಕುತ್ತದೆ, ಇಲ್ಲವಾದರೆ ಗ್ರಾಫೈಟು ದ್ರವವನ್ನೆಲ್ಲ ತಿಂದುಹಾಕುತ್ತಿತ್ತು. ಆದರೆ ಪೊರೆ ಬೆಳೆಯುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ, ಬೆಳೆದಷ್ಟೂ ಉಪಯೋಗಕ್ಕೆ ಬರುವ ಲಿಥಿಯಂ ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ವಾಹನ ಓಡದೆ ನಿಂತಿದ್ದರೂ ಈ ಕೆಲಸ ನಡೆದೇ ಇರುತ್ತದೆ. ಇಂಥ ರಾಸಾಯನಿಕ ಕ್ರಿಯೆಗಳು ಪ್ರತಿ 10 ಡಿಗ್ರಿಗೆ ಸರಿಸುಮಾರು ದುಪ್ಪಟ್ಟಾಗುತ್ತವೆ ಎಂಬುದು ಎಂಜಿನಿಯರುಗಳು ಬಳಸುವ ಅಂದಾಜು. ಆ ಲೆಕ್ಕದಲ್ಲಿ 25 ಡಿಗ್ರಿಯ ಬೆಂಗಳೂರಿನ ಸಂಜೆಗಿಂತ 45 ಡಿಗ್ರಿಯ ರಾಯಚೂರಿನ ಮಧ್ಯಾಹ್ನದಲ್ಲಿ ಬ್ಯಾಟರಿ ನಾಲ್ಕು ಪಟ್ಟು ಬೇಗ ಮುದಿಯಾಗುತ್ತದೆ.

ಇದರ ಜೊತೆಗೆ ಎಷ್ಟು ತುಂಬಿದೆ ಎಂಬ ಪ್ರಶ್ನೆ ಸೇರಿಕೊಳ್ಳುತ್ತದೆ. ಗ್ರಾಫೈಟಿನಲ್ಲಿ ಲಿಥಿಯಂ ಹೆಚ್ಚಿದಷ್ಟೂ ಅದು ದ್ರವದ ಮೇಲೆ ಹೆಚ್ಚು ಆಕ್ರಮಣಕಾರಿಯಾಗುತ್ತದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಬಗೆಯ ಸೆಲ್‌ಗಳನ್ನು ಬೇರೆ ಬೇರೆ ಮಟ್ಟಕ್ಕೆ ತುಂಬಿ, 25, 40 ಮತ್ತು 50 ಡಿಗ್ರಿಗಳಲ್ಲಿ ತಿಂಗಳುಗಟ್ಟಲೆ ಸುಮ್ಮನೆ ಇಟ್ಟು ನೋಡಿದರು. ತುಂಬಿದಷ್ಟೂ ಸವೆತ ಒಂದೇ ಸಮನೆ ಏರುತ್ತಾ ಹೋಗುತ್ತದೆ ಎಂದು ನಾವು ಊಹಿಸುತ್ತೇವಲ್ಲ, ಹಾಗೆ ಆಗಲಿಲ್ಲ. ಸವೆತ ಮೆಟ್ಟಿಲು ಮೆಟ್ಟಿಲಾಗಿತ್ತು. ಶೇ. 20-30ರಷ್ಟು ಅಗಲದ ಹರವಿನಲ್ಲಿ ಹೆಚ್ಚು ಕಡಿಮೆ ಸಮತಟ್ಟು, ಆಮೇಲೆ ಒಂದು ಜಿಗಿತ. ಅರ್ಧದ ಆಚೆ ಈಚೆ ಎಲ್ಲೋ ಗ್ರಾಫೈಟಿನ ವಿದ್ಯುತ್ ಮಟ್ಟ ಥಟ್ಟನೆ ಇಳಿಯುವ ಜಾಗದಲ್ಲಿ ಆ ಮುಖ್ಯ ಜಿಗಿತ ಕಾಣಿಸುತ್ತದೆ. ಇದರಿಂದ ಒಂದು ಇರುಸುಮುರುಸಿನ ತೀರ್ಮಾನ ಹೊರಡುತ್ತದೆ. ಎಲ್ಲರ ಬಾಯಲ್ಲೂ ಇರುವ ಶೇ. 80 ಎಂಬ ಸಂಖ್ಯೆಗೆ ಮಂತ್ರಶಕ್ತಿಯೇನೂ ಇಲ್ಲ. ಸುಮ್ಮನೆ ನಿಲ್ಲಿಸುವ ಬ್ಯಾಟರಿಗೆ 80ಕ್ಕೂ 70ಕ್ಕೂ ವ್ಯತ್ಯಾಸ ಅಲ್ಪ. 50ಕ್ಕೆ ಇಳಿಸಿದರೆ ಲಾಭ ದೊಡ್ಡದು. ಹಾಗಂತ 80 ಅರ್ಥವಿಲ್ಲದ ಅಂಕಿಯೂ ಅಲ್ಲ: ನಿಕ್ಕೆಲ್ ಹೆಚ್ಚಿರುವ ಕ್ಯಾಥೋಡುಗಳು ಕೊನೆಯ ಕೆಲವು ಅಂಶಗಳಲ್ಲಿ ತಾವೂ ದ್ರವವನ್ನು ಕೆಡಿಸತೊಡಗುತ್ತವೆ, ಮತ್ತು ಸಾರ್ವಜನಿಕ ಚಾರ್ಜರಿನಲ್ಲಿ ಆ ಕೊನೆಯ ಭಾಗಕ್ಕೆ ಹಿಂದೆ ಕಾಯುತ್ತಿರುವವರ ಸಮಯವೂ ಹೋಗುತ್ತದೆ. ಹದಿನೈದು ದಿನ ಊರಿಗೆ ಹೋಗುವಾಗ ಸ್ಕೂಟರನ್ನು ಅರ್ಧ ಚಾರ್ಜಿನಲ್ಲಿ, ನೆರಳಿನಲ್ಲಿ ಬಿಟ್ಟು ಹೋಗಿ ಎನ್ನುವುದಕ್ಕೆ ಇದೇ ಆಧಾರ.

ನಾವು ಮಾಡುವುದು ತದ್ವಿರುದ್ಧ. ಊರಿಗೆ ಹೊರಡುವ ಮುನ್ನ ಫುಲ್ ಚಾರ್ಜ್ ಮಾಡಿ, ಕೆಲವೊಮ್ಮೆ ಪ್ಲಗ್ಗನ್ನೂ ಹಾಗೆಯೇ ಬಿಟ್ಟು ಹೋಗುತ್ತೇವೆ. ಈ ಅಭ್ಯಾಸ ನಮಗೆ ಬಂದದ್ದು ಮನೆಯ ಇನ್ವರ್ಟರಿನಿಂದ ಎಂದು ನನ್ನ ಗುಮಾನಿ. ಮೂವತ್ತು ವರ್ಷ ನಮ್ಮ ಮನೆಗಳಲ್ಲಿ ಇದ್ದದ್ದು ಸೀಸ-ಆಮ್ಲದ ಬ್ಯಾಟರಿ. ಬೆಂಗಳೂರಿನಲ್ಲಿ 2001ರಲ್ಲಿ ರಸ್ತೆಗಿಳಿದ ರೇವಾ ಎಲೆಕ್ಟ್ರಿಕ್ ಕಾರಿನಲ್ಲೂ ಇದ್ದದ್ದು ಅದೇ. ಸೀಸದ ಬ್ಯಾಟರಿಯನ್ನು ಅರೆಹೊಟ್ಟೆಯಲ್ಲಿ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟು ಹರಳುಗಟ್ಟಿ ಅದು ಸಾಯುತ್ತದೆ. ಸದಾ ತುಂಬಿರುವುದೇ ಅದಕ್ಕೆ ಆರೋಗ್ಯ. ಡಿಸ್ಟಿಲ್ಡ್ ವಾಟರ್ ಹಾಕಿ, ಚಾರ್ಜಿಗೆ ಬಿಟ್ಟು, ಮರೆತುಬಿಡು ಎಂಬುದು ಆ ಯಂತ್ರಕ್ಕೆ ಸರಿಯಾದ ವಿವೇಕವೇ ಆಗಿತ್ತು. ಲಿಥಿಯಂಗೆ ಅದನ್ನೇ ಮುಂದುವರಿಸಿದರೆ ಔಷಧವೇ ವಿಷವಾಗುತ್ತದೆ. ಪೂರ್ತಿ ಖಾಲಿ ಮಾಡಿ ಇಡುವುದೂ ಅಷ್ಟೇ ಕೆಟ್ಟದ್ದು ಎಂದು ಇಲ್ಲೇ ಸೇರಿಸಬೇಕು. ನಿಂತ ವಾಹನದಲ್ಲೂ ಬಿಎಂಎಸ್ ಚೂರುಚೂರು ವಿದ್ಯುತ್ ಹೀರುತ್ತಲೇ ಇರುತ್ತದೆ. ಸೆಲ್‌ನ ವೋಲ್ಟೇಜು ತೀರಾ ಕುಸಿದರೆ ಆನೋಡಿನ ಹಿಂದಿರುವ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಬೇಡದ ಕಡೆ ಹೋಗಿ ಕೂತು ಒಳಗೊಳಗೇ ಶಾರ್ಟ್ ಮಾಡಬಹುದು. ತಿಂಗಳುಗಟ್ಟಲೆ ಸತ್ತುಬಿದ್ದ ಬ್ಯಾಟರಿಯನ್ನು ಬಿಎಂಎಸ್ ಬಿಟ್ಟು ನೇರವಾಗಿ ಚಾರ್ಜರ್ ಹಚ್ಚಿ ಎಬ್ಬಿಸಿಕೊಡುವ ರಿಪೇರಿಯವರ ಜಾಣ್ಮೆಯನ್ನು ನಾನು ಮೆಚ್ಚಲಾರೆ.

ಇಲ್ಲಿ ಒಂದು ಗಟ್ಟಿ ತಕರಾರು ಏಳುತ್ತದೆ. ಎಲ್‌ಎಫ್‌ಪಿ ಬ್ಯಾಟರಿಯ ವಾಹನ ಕೊಂಡವರ ಕೈಪಿಡಿಯಲ್ಲಿ ವಾರಕ್ಕೊಮ್ಮೆಯಾದರೂ ಶೇ. 100 ಚಾರ್ಜ್ ಮಾಡಿ ಎಂದು ಕಂಪನಿಯೇ ಬರೆದಿರುತ್ತದಲ್ಲ, ಅದೇನು ಸುಳ್ಳೇ? ಸುಳ್ಳಲ್ಲ, ಆದರೆ ಅದರ ಕಾರಣ ರಸಾಯನಶಾಸ್ತ್ರದಲ್ಲಿಲ್ಲ, ಲೆಕ್ಕ ಇಡುವುದರಲ್ಲಿದೆ. ಎಲ್‌ಎಫ್‌ಪಿ ಸೆಲ್‌ನ ವೋಲ್ಟೇಜು ಬಹುಪಾಲು ದಾರಿಯುದ್ದಕ್ಕೂ 3.2-3.3ರ ಆಸುಪಾಸಿನಲ್ಲಿ ಸಮತಟ್ಟಾಗಿ ಸಾಗುತ್ತದೆ. ಶೇ. 40 ಇದೆಯೋ 70 ಇದೆಯೋ ಎಂದು ವೋಲ್ಟೇಜು ನೋಡಿ ಹೇಳುವುದು ಬಿಎಂಎಸ್‌ಗೆ ಕಷ್ಟ. ಒಳಗೆ ಹೋದ, ಹೊರಗೆ ಬಂದ ಕರೆಂಟನ್ನು ಕೂಡಿ ಕಳೆದು ಅಂದಾಜು ಮಾಡುತ್ತಾ ಹೋಗುತ್ತದೆ, ದಿನ ಕಳೆದಂತೆ ಆ ಅಂದಾಜು ಜಾರುತ್ತದೆ. ತುತ್ತತುದಿಯಲ್ಲಿ ಮಾತ್ರ ವೋಲ್ಟೇಜು ಸರ್ರನೆ ಏರುವುದರಿಂದ ಅಲ್ಲಿಗೆ ಮುಟ್ಟಿಸಿದರೆ ಲೆಕ್ಕ ಸರಿಯಾಗುತ್ತದೆ, ಸೆಲ್ ಸೆಲ್ ನಡುವಿನ ಏರುಪೇರನ್ನೂ ಸಮ ಮಾಡಬಹುದು. ವಾರಕ್ಕೊಮ್ಮೆ ತುದಿ ಮುಟ್ಟಿಸಿ ಎಂಬ ಸಲಹೆಯನ್ನು, ದಿನವಿಡೀ ತುದಿಯಲ್ಲೇ ಕೂರಿಸಿ ಎಂದು ಓದಿಕೊಳ್ಳಬಾರದು. ಎಲ್‌ಎಫ್‌ಪಿಯ ಆನೋಡೂ ಅದೇ ಗ್ರಾಫೈಟೇ ತಾನೆ. ಅದರ ಮೇಲೂ ಅದೇ ಪೊರೆ, ಅದೇ ಬಿಸಿಲು. ಆ ರಸಾಯನ ಹೆಚ್ಚು ತಾಳಿಕೆಯದು ಎಂಬುದು ನಿಜ, ಬಿಸಿಲಿಗೆ ಜಗ್ಗದು ಎಂಬುದು ನಿಜವಲ್ಲ.

ಇನ್ನೊಂದು ತಕರಾರು ಜೇಬಿನದು: ನೂರು ಕಿಲೋಮೀಟರಿಗೆ ದುಡ್ಡು ಕೊಟ್ಟು ಎಂಬತ್ತಕ್ಕೆ ಏಕೆ ತೃಪ್ತಿಪಡಬೇಕು? ಪಡಬೇಕಾಗಿಲ್ಲ. ಶೇ. 100 ತುಂಬಿ ಕೂಡಲೇ ಓಡಿಸಿಬಿಟ್ಟರೆ ಸೆಲ್ ತುದಿಯಲ್ಲಿ ನಿಲ್ಲುವುದು ಕೆಲವೇ ನಿಮಿಷ. ಸಮಸ್ಯೆ ಇರುವುದು ಸಂಜೆ ಏಳಕ್ಕೆ ಪ್ಲಗ್ ಹಾಕಿ, ಹನ್ನೊಂದಕ್ಕೆ ತುಂಬಿ, ಮರುದಿನ ಮಧ್ಯಾಹ್ನದವರೆಗೆ ಹಾಗೆಯೇ ನಿಂತ ಬ್ಯಾಟರಿಯಲ್ಲಿ. ಸಂಖ್ಯೆಗಳನ್ನು ಹತ್ತಿರದಿಂದ ನೋಡೋಣ. ಮೂರು ಯೂನಿಟ್ ಹಿಡಿಯುವ ಸ್ಕೂಟರ್ ಬ್ಯಾಟರಿ ಎಂದುಕೊಳ್ಳಿ, ವೋಲ್ಟೇಜು 51ರ ಹತ್ತಿರ. 750 ವ್ಯಾಟಿನ ಮನೆ ಚಾರ್ಜರ್ ಅದಕ್ಕೆ ಸುಮಾರು 15 ಆಂಪಿಯರ್ ಕೊಡುತ್ತದೆ. ಬ್ಯಾಟರಿಯ ಒಳರೋಧ 0.05 ಓಮ್ ಇದ್ದರೆ ಚಾರ್ಜಿಂಗಿನಿಂದ ಹುಟ್ಟುವ ಶಾಖ 11 ವ್ಯಾಟ್, ಲೆಕ್ಕಕ್ಕಿಲ್ಲ. ಅದೇ ಸ್ಕೂಟರು ಇಬ್ಬರನ್ನು ಹೊತ್ತು ಏರು ಹತ್ತುವಾಗ ಮೂರು ಕಿಲೋವ್ಯಾಟ್ ಎಳೆದರೆ ಕರೆಂಟು 60 ಆಂಪಿಯರ್ ಮುಟ್ಟುತ್ತದೆ, ಶಾಖ 180 ವ್ಯಾಟ್. ಕರೆಂಟು ನಾಲ್ಕು ಪಟ್ಟಾದರೆ ಶಾಖ ಹದಿನಾರು ಪಟ್ಟು. ಹಾಗಾಗಿ ಬ್ಯಾಟರಿ ಅತಿ ಬಿಸಿಯಾಗಿರುವುದು ಚಾರ್ಜ್ ಆಗುವಾಗಲ್ಲ, ಓಡಿಸಿ ತಂದು ನಿಲ್ಲಿಸಿದ ಗಳಿಗೆಯಲ್ಲಿ. ಬಂದವರೇ ಪ್ಲಗ್ ಚುಚ್ಚದೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಬಿಟ್ಟು ಚುಚ್ಚುವುದು, ಇನ್ನೂ ಒಳ್ಳೆಯದೆಂದರೆ ಬೆಳಗಿನ ಜಾವ ಚಾರ್ಜ್ ಮುಗಿಯುವಂತೆ ಆ್ಯಪ್‌ನಲ್ಲೋ ಟೈಮರಿನಲ್ಲೋ ಹೊತ್ತು ಗೊತ್ತುಮಾಡುವುದು, ನಯಾಪೈಸೆ ಖರ್ಚಿಲ್ಲದ ಉಪಾಯ. ನಾಲ್ಕೈದು ಗಂಟೆಯ ತಂಪಿನಲ್ಲಿ ಬ್ಯಾಟರಿ ತುಂಬುತ್ತದೆ, ಎಂಟಕ್ಕೆ ಮನೆಯವರು ಕೆಲಸಕ್ಕೆ ಹೊರಡುತ್ತಾರೆ.

ಆಯುಸ್ಸಿನ ಮಾತು ಇರಲಿ, ಬೆಂಕಿಯ ಮಾತೇನು ಎಂದು ಕೇಳದೆ ಯಾರೂ ಬಿಡುವುದಿಲ್ಲ, ಬಿಡಲೂಬಾರದು. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರುಗಳು ಹೊತ್ತಿ ಉರಿದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ಸ್ಕೂಟರ್ ಶೋರೂಮಿನಲ್ಲಿ ಹತ್ತಿದ ಬೆಂಕಿಯ ಹೊಗೆ ಮೇಲಿನ ಹೋಟೆಲಿಗೆ ನುಗ್ಗಿ ಎಂಟು ಮಂದಿ ಸತ್ತರು. ಸೆಲ್ ಉರಿಯುವುದು ಸರಪಳಿಯಂತೆ ನಡೆಯುತ್ತದೆ. 80ರಿಂದ 120 ಡಿಗ್ರಿಯೊಳಗೆ ಗ್ರಾಫೈಟಿನ ಪೊರೆ ಒಡೆದು ಶಾಖ ಬಿಡುತ್ತದೆ, 130ರ ಸುಮಾರಿಗೆ ಪಾಲಿಎಥಿಲೀನಿನ ಪರದೆ ಕರಗುತ್ತದೆ, 200ರ ಆಸುಪಾಸಿನಿಂದ ನಿಕ್ಕೆಲ್ ಕ್ಯಾಥೋಡು ತನ್ನೊಳಗಿನ ಆಮ್ಲಜನಕವನ್ನೇ ಬಿಟ್ಟುಕೊಡುತ್ತದೆ. ಆಮೇಲೆ ನೀರು ಸುರಿದರೂ ಬೆಂಕಿ ಒಳಗಿಂದಲೇ ಉಸಿರಾಡುತ್ತದೆ. ಆದರೆ ಈ ಸರಪಳಿಯ ಮೊದಲ ಕೊಂಡಿಯನ್ನು ಎಳೆಯುವುದು ಸಾಮಾನ್ಯವಾಗಿ ಫಾಸ್ಟ್ ಚಾರ್ಜರಲ್ಲ. ಜನರಲ್ ಮೋಟಾರ್ಸ್ 2020-21ರಲ್ಲಿ ತನ್ನ ಬೋಲ್ಟ್ ಎಲೆಕ್ಟ್ರಿಕ್ ಕಾರುಗಳನ್ನು, ಒಟ್ಟು ಸುಮಾರು 1,42,000, ವಾಪಸು ಕರೆಸಿಕೊಂಡಿತು. ಕಾರಣ ಕಾರ್ಖಾನೆಯಲ್ಲೇ ನುಸುಳಿದ್ದ ಎರಡು ದೋಷಗಳು: ಹರಿದ ಆನೋಡ್ ಪಟ್ಟಿ, ಮಡಚಿಹೋದ ಪರದೆ. ಎರಡೂ ಒಂದೇ ಸೆಲ್‌ನಲ್ಲಿ ಕೂಡಿಬಂದರೆ ಅಪಾಯ. ದುರಸ್ತಿಯಾಗುವವರೆಗೆ ಕಂಪನಿ ಮಾಲೀಕರಿಗೆ ಕೊಟ್ಟ ಸೂಚನೆ ಏನಿತ್ತು ನೋಡಿ: ಶೇ. 90ಕ್ಕಿಂತ ಹೆಚ್ಚು ತುಂಬಬೇಡಿ, ಚಾರ್ಜ್ ಆದ ಮೇಲೆ ಮನೆಯ ಹೊರಗೆ ನಿಲ್ಲಿಸಿ, ರಾತ್ರಿಯಿಡೀ ಒಳಗೆ ಚಾರ್ಜಿಗೆ ಬಿಡಬೇಡಿ. ಫಾಸ್ಟ್ ಚಾರ್ಜರಿನಿಂದ ದೂರವಿರಿ ಎಂಬುದು ಆ ಪಟ್ಟಿಯ ತಲೆಬರಹವಾಗಿರಲಿಲ್ಲ. ದೋಷವಿರುವ ಸೆಲ್‌ಗೆ ತುಂಬಿರುವುದೇ ಗಂಡಾಂತರ; ಒಳಗಿರುವ ಶಕ್ತಿ ಹೆಚ್ಚಿದಷ್ಟೂ ಶಾರ್ಟ್ ಆದಾಗ ಹೊರಬರುವ ಶಾಖ ಹೆಚ್ಚು. ನಮ್ಮಲ್ಲೂ 2022ರ ಘಟನೆಗಳ ನಂತರ ಬಿಗಿಯಾದ ಎಐಎಸ್-156 ಎಂಬ ಬ್ಯಾಟರಿ ಸುರಕ್ಷತಾ ನಿಯಮಗಳು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆ ಎಂಬ ಎರಡು ಹಂತಗಳಲ್ಲಿ ಜಾರಿಗೆ ಬಂದಾಗ ಗಮನ ಹೋದದ್ದು ಸೆಲ್‌ನ ಗುಣಮಟ್ಟ, ಬಿಎಂಎಸ್, ಚಾರ್ಜರಿನ ರಕ್ಷಣೆ, ಒಂದು ಸೆಲ್ ಹೊತ್ತಿದರೆ ಪಕ್ಕದ್ದಕ್ಕೆ ಹರಡದಂತೆ ತಡೆಯುವ ವಿನ್ಯಾಸ ಇವುಗಳತ್ತ. ಅಲ್ಲಿಗೆ ಮನೆಯವರ ಪಾಲಿಗೆ ಉಳಿಯುವುದು ಎರಡೇ: ವಾಹನದ ಜೊತೆ ಬಂದ ಚಾರ್ಜರನ್ನು ಬಿಟ್ಟು ಅಗ್ಗದ್ದನ್ನು ಹಚ್ಚದಿರುವುದು, ಮತ್ತು ಗೋಡೆಯ ಸಾಕೆಟ್ಟು. ಕಾರಿಗೆ 3.3 ಕಿಲೋವ್ಯಾಟ್ ಎಂದರೆ 230 ವೋಲ್ಟಿನಲ್ಲಿ 14 ಆಂಪಿಯರಿಗೂ ಮೇಲೆ, ಅದೂ ಎಂಟೊಂಬತ್ತು ಗಂಟೆ ಬಿಡದೆ. ಸಡಿಲಾದ ಸಾಕೆಟ್ಟಿನಲ್ಲಿ 0.1 ಓಮ್ ರೋಧ ಇದ್ದರೂ ಉಗುರಿನಷ್ಟು ಜಾಗದಲ್ಲಿ 20 ವ್ಯಾಟ್ ಶಾಖ ಹುಟ್ಟಿ ಪ್ಲಾಸ್ಟಿಕ್ಕು ಕಂದುತ್ತದೆ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಪ್ರತ್ಯೇಕ ವೈರು, ಒಳ್ಳೆಯ ಅರ್ಥಿಂಗ್, ಕರೆಂಟು ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಷ್ಟಿರಬೇಕು.

ನಿಧಾನವಾಗಿ ಚಾರ್ಜ್ ಮಾಡಿದರೆ ಕರೆಂಟು ಉಳಿಯುತ್ತದೆ ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಕರೆಂಟು ಕಡಿಮೆಯಾದಷ್ಟೂ ವೈರಿನಲ್ಲಿ, ಸೆಲ್‌ನಲ್ಲಿ ಶಾಖವಾಗಿ ಹೋಗುವ ಪಾಲು ಇಳಿಯುವುದು ಹೌದು. ಆದರೆ ಕಾರು ಚಾರ್ಜಿಗೆ ನಿಂತಾಗ ಅದರ ಕಂಪ್ಯೂಟರುಗಳು, ಪಂಪು, ಎಸಿಯನ್ನು ಡಿಸಿಗೆ ಬದಲಿಸುವ ಆನ್‌ಬೋರ್ಡ್ ಚಾರ್ಜರು ಎಚ್ಚರವಾಗಿರಬೇಕು. ಅವಕ್ಕೆ 200-300 ವ್ಯಾಟ್ ಬೇಕೆಂದುಕೊಂಡರೆ, 2 ಕಿಲೋವ್ಯಾಟಿನಲ್ಲಿ ಚಾರ್ಜ್ ಆಗುವ ಕಾರಿಗೆ ಅದೇ ಹತ್ತು ಹದಿನೈದು ಶೇಕಡಾ ನಷ್ಟ. 7 ಕಿಲೋವ್ಯಾಟಿನ ಚಾರ್ಜರಿಗೆ ಅದೇ ಹೊರೆ ಮೂರು ನಾಲ್ಕು ಶೇಕಡಾಕ್ಕೆ ಇಳಿಯುತ್ತದೆ. ಸ್ಕೂಟರಿನಲ್ಲಿ ಈ ಹೊರೆ ತೀರಾ ಕಡಿಮೆ, ಅದರ ಚಿಂತೆ ಬೇಡ.

ರಸ್ತೆಯ ಮೇಲಿನ ಅಂಕಿಅಂಶಗಳು ನನ್ನ ವಾದಕ್ಕೆ ಪೂರ್ತಿ ಜೈ ಎನ್ನುತ್ತವೆಯೇ? ಪೂರ್ತಿಯಲ್ಲ. ಅಮೆರಿಕದ ರಿಕರೆಂಟ್ ಸಂಸ್ಥೆ 2023ರಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಟೆಸ್ಲಾ ಕಾರುಗಳನ್ನು ಹೋಲಿಸಿ, ಹೆಚ್ಚಾಗಿ ಫಾಸ್ಟ್ ಚಾರ್ಜ್ ಆದವಕ್ಕೂ ಅಪರೂಪಕ್ಕೆ ಆದವಕ್ಕೂ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂದಿತು. ಕೆನಡಾದ ಜಿಯೊಟ್ಯಾಬ್ ಸಂಸ್ಥೆ ಸುಮಾರು 6,000 ವಾಹನಗಳನ್ನು ನೋಡಿ, ಬಿಸಿ ಪ್ರದೇಶಗಳಲ್ಲಿ ಪದೇ ಪದೇ ಡಿಸಿ ಚಾರ್ಜ್ ಆಗುವವು ಬೇಗ ಸೊರಗುತ್ತವೆ ಎಂದಿತ್ತು. ಎರಡರ ನಡುವೆ ವಿರೋಧವಿದೆ ಎನಿಸಬಹುದು, ಆದರೆ ನನಗೆ ಹಾಗೆ ಕಾಣುವುದಿಲ್ಲ. ಟೆಸ್ಲಾ ಕಾರಿನಲ್ಲಿ ದ್ರವ ಹರಿದು ಬ್ಯಾಟರಿಯನ್ನು ತಣಿಸುತ್ತದೆ, ಬೇಕಾದಾಗ ಬೆಚ್ಚಗೂ ಮಾಡುತ್ತದೆ. ವೇಗ ಅಲ್ಲಿ ನಿರಪಾಯ. ತಣಿಸುವ ವ್ಯವಸ್ಥೆಯಿಲ್ಲದ ಬ್ಯಾಟರಿಗೆ, ಬಿಸಿಲೂರಿನಲ್ಲಿ, ಮಧ್ಯಾಹ್ನದಲ್ಲಿ, ವೇಗವೂ ಸೇರಿಕೊಂಡರೆ ಅದು ಬಿಸಿಯ ಮೇಲೆ ಬಿಸಿ. ವೇಗ ಒಂಟಿಯಾಗಿ ಮಾಡುವ ಕೇಡು ಸಣ್ಣದು, ಶಾಖದ ಜೊತೆಗೂಡಿ ಮಾಡುವುದು ದೊಡ್ಡದು ಎಂದಷ್ಟೇ ನನ್ನ ವಾದವನ್ನು ತಿದ್ದಿಕೊಳ್ಳಬೇಕು.

ಕೊನೆಯ ತಕರಾರು ನ್ಯಾಯವಾದದ್ದು. ಬೆಳಗಿನ ಜಾವ ಟೈಮರ್ ಇಟ್ಟು ನೆರಳಿನಲ್ಲಿ ಚಾರ್ಜ್ ಮಾಡುವ ಸೌಭಾಗ್ಯ ಸ್ವಂತ ಮನೆ, ಸ್ವಂತ ಗ್ಯಾರೇಜು ಇದ್ದವರಿಗೆ. ದಿನಕ್ಕೆ ನೂರು ಕಿಲೋಮೀಟರಿಗೂ ಮೇಲೆ ಓಡಿಸಿ ಊಟದ ಪೊಟ್ಟಣ ತಲುಪಿಸುವ ಡೆಲಿವರಿ ಹುಡುಗನಿಗೆ ಮಧ್ಯಾಹ್ನದ ಊಟದ ಆರ್ಡರು ಮುಗಿದು ರಾತ್ರಿಯದು ಶುರುವಾಗುವ ನಡುವಿನ ಎರಡು ಗಂಟೆಯೇ ಚಾರ್ಜಿಂಗಿನ ಹೊತ್ತು. ಅದು ದಿನದ ಅತಿ ಬಿಸಿಯ ಹೊತ್ತು ಕೂಡ. ಅವನಿಗೆ ವೇಗ ಬಿಟ್ಟು ನಿಧಾನಕ್ಕೆ ಹೋಗು ಎಂದರೆ ಸಂಪಾದನೆ ಬಿಡು ಎಂದಂತೆ. ಅವನ ಮಟ್ಟಿಗೆ ವಿಜ್ಞಾನ ಹೇಳುವುದು ಬೇರೆ: ಬಂದ ಕೂಡಲೇ ಹತ್ತು ಹದಿನೈದು ನಿಮಿಷ ಗಾಡಿ ಆರಲಿ, ಶೇ. 20ರಿಂದ 80ರವರೆಗೆ ಫಾಸ್ಟ್ ಚಾರ್ಜರಿನಲ್ಲೇ ತುಂಬಿಸಿ ಹೊರಡಲಿ, ಕೊನೆಯ ಇಪ್ಪತ್ತಕ್ಕೆ ಕಾಯುವುದು ಬೇಡ. ದಿನವಿಡೀ ತುಂಬುತ್ತಾ ಖಾಲಿಯಾಗುತ್ತಾ ಇರುವ ಅವನ ಬ್ಯಾಟರಿ, ತುಂಬಿಕೊಂಡು ಬಿಸಿಲಲ್ಲಿ ಕೂತ ಕಚೇರಿಯವರ ಬ್ಯಾಟರಿಗಿಂತ ಒಂದು ಅರ್ಥದಲ್ಲಿ ಸುಖಿಯೇ. ಉಳಿದದ್ದು ಚಾರ್ಜಿಂಗ್ ತಾಣ ಕಟ್ಟುವವರ ಕೈಯಲ್ಲಿದೆ. 2017ರಲ್ಲೇ ಎಲೆಕ್ಟ್ರಿಕ್ ವಾಹನ ನೀತಿ ತಂದ ಮೊದಲ ರಾಜ್ಯ ಕರ್ನಾಟಕ. ಇಲ್ಲಿನ ತಾಣಗಳ ಟೆಂಡರಿನಲ್ಲಿ ಕಿಲೋವ್ಯಾಟ್ ಎಷ್ಟು, ಗನ್ ಎಷ್ಟು ಎಂದು ಬರೆಯುವಾಗ ಗಾಡಿ ನಿಲ್ಲುವ ಜಾಗದ ಮೇಲೆ ಒಂದು ಶೀಟಿನ ಚಾವಣಿ, ಪಕ್ಕದಲ್ಲಿ ಗಾಳಿ ಆಡಲು ಜಾಗ ಎಂಬ ಎರಡು ಸಾಲನ್ನೂ ಸೇರಿಸಬಹುದು. ಬೆಲೆಯ ಲೆಕ್ಕದಲ್ಲಿ ಚಾರ್ಜರಿನ ಮುಂದೆ ಆ ಚಾವಣಿ ಏನೂ ಅಲ್ಲ, ಮತ್ತು ಸಿಂಧನೂರಿನಂಥ ಊರಿನಲ್ಲಿ ಅದಿಲ್ಲದೆ ಕಟ್ಟಿದ ತಾಣಕ್ಕೆ ಮೇ ತಿಂಗಳ ಮಧ್ಯಾಹ್ನ ಗಾಡಿ ತಂದು ನಿಲ್ಲಿಸುವವರು ಎಷ್ಟು ಮಂದಿ ಎಂಬುದನ್ನು ಟೆಂಡರ್ ಬರೆಯುವವರು ಒಮ್ಮೆ ಹೋಗಿ ನೋಡಬೇಕು.